ಸರಪಳಿಯ ಚೀತಾ

ಕಾರಿನಲ್ಲಿ ಚೀತಾ ಕುಳಿತ ವಿಡಿಯೋ ನೋಡಿ ಇಳಕಲ್ಲಿನ ನಮ್ಮ ಮೊಮ್ಮಗ ಕೇಳಿದ: "ಅಜ್ಜಾ, ನಾವೂ ಒಂದ್ ಸಾಕೋಣೇನು?"

ಮಕ್ಕಳೇ, ಈ ಆಸೆ ಹಳೆಯದು. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ಚೀತಾ ಬಿಟ್ಟು ಬೇಟೆಯಾಡುವ ವಿವರವಿದೆ. ಅಕ್ಬರನ ಬಳಿಯಂತೂ ನೂರಾರಿದ್ದವು. ಆದರೆ ಕಟ್ಟಿಹಾಕಿದ ಚೀತಾ ಮರಿ ಹಾಕುವುದೇ ಅಪರೂಪ. ಒಮ್ಮೆ ಹಾಕಿದ್ದನ್ನು ಜಹಾಂಗೀರ್ ಅಚ್ಚರಿಯೆಂದು ಬರೆದಿಟ್ಟ. ಸತ್ತದ್ದಕ್ಕೆ ಬದಲಿ ಕಾಡಿನಿಂದಲೇ ಬರಬೇಕು. ಜಮೆಯೇ ಇಲ್ಲದ ಖಾತೆಯಿಂದ ಹಣ ತೆಗೆಯುತ್ತಲೇ ಹೋದಂತೆ! ಬೇಟೆಯೂ ಸೇರಿ, 1952ರಲ್ಲಿ ಭಾರತದಲ್ಲಿ ಚೀತಾ ಅಳಿದವೆಂದು ಘೋಷಣೆಯಾಯಿತು.

ಇನ್ನು ನಮ್ಮ ಕಡೆಯ ಚಿರತೆ. 1972ರ ಕಾಯ್ದೆಯಂತೆ ಮನೆಯಲ್ಲಿಟ್ಟುಕೊಂಡರೆ ಜೈಲು. ಕಬ್ಬಿನ ಹೊಲದಲ್ಲಿ ಮರಿ ಕಂಡರೆ ಎತ್ತಿ ತರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕತ್ತಲಾದ ಮೇಲೆ ತಾಯಿ ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುವುದು ಎಷ್ಟೋ ಕಡೆ ಕ್ಯಾಮೆರಾದಲ್ಲಿ ಸೆರೆಯಾಗಿದೆ.