ಖಾತರಿಯ ಗಡುವು

ಹೊಸ ಕಾರು ಮನೆಯಂಗಳಕ್ಕೆ ಬಂದ ದಿನ ಅದಕ್ಕೆ ಹೂಮಾಲೆ ಹಾಕಿ, ಕುಂಕುಮವಿಟ್ಟು, ಗಾಲಿಗಳಡಿಯಲ್ಲಿ ನಿಂಬೆಹಣ್ಣನ್ನಿರಿಸಿ ಪೂಜಿಸುವುದು ಕನ್ನಡನಾಡಿನ ವಾಡಿಕೆ. ಆ ಸಡಗರದ ನಡುವೆ, ಕಾರಿನೊಡನೆ ಬಂದ ಪುಟ್ಟ ಪುಸ್ತಕವೊಂದು ಮುಂಭಾಗದ ಖಾನೆಯನ್ನು ಸೇರಿ ಮರೆತುಹೋಗುತ್ತದೆ. ತಯಾರಕರು ಕೊಳ್ಳುವವನಿಗೆ ಕೊಟ್ಟ ಮಾತು ಅಚ್ಚಾಗಿರುವುದು ಅದರಲ್ಲಿಯೇ. ಆ ಮಾತಿಗೆ ವಾರಂಟಿ ಅಥವಾ ಖಾತರಿ ಎಂದು ಹೆಸರು. ಸಾಮಗ್ರಿಯ ದೋಷದಿಂದಲೋ ತಯಾರಿಕೆಯ ಕುಂದಿನಿಂದಲೋ ಯಾವುದಾದರೂ ಭಾಗ ಕೆಟ್ಟರೆ, ಹಣ ಪಡೆಯದೆ ಅದನ್ನು ಸರಿಪಡಿಸಿಯೋ ಬದಲಿಸಿಯೋ ಕೊಡುತ್ತೇವೆಂಬುದು ಅದರ ತಿರುಳು.

ಈ ಮಾತಿಗೆ ಗಡುವುಂಟು. ಅದೂ ಎರಡು ಬಗೆಯದು. ಭಾರತದಲ್ಲಿ ಮಾರಾಟವಾಗುವ ಅನೇಕ ಕಾರುಗಳಿಗೆ 3 ವರ್ಷ ಅಥವಾ 1,00,000 ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲೋ ಅದು, ಎಂಬ ಕರಾರಿರುತ್ತದೆ. ಈ ಕರಾರಿನ ಮೇಲೆ ದಿನಕ್ಕೆ 200 ಕಿಲೋಮೀಟರು ಓಡುವ ಕಾರಿಗೆ 500 ದಿನಗಳಲ್ಲಿಯೇ ಖಾತರಿ ತೀರಿಹೋಗುತ್ತದೆ. ಬ್ಯಾಂಕಿನ ಸಾಲವಾದರೋ ಐದು, ಏಳು ವರ್ಷಗಳವರೆಗೆ ಸಾಗುವುದುಂಟು. ಕಂತು ಕಟ್ಟುತ್ತಿರುವಾಗಲೇ ಗೇರುಪೆಟ್ಟಿಗೆ ಕೆಟ್ಟರೆ, ಬಡ ಸಂಸಾರವೊಂದು ಎರಡು ಹೊರೆಗಳನ್ನು ಒಟ್ಟಿಗೆ ಹೊರಬೇಕಾಗುತ್ತದೆ. ಆದುದರಿಂದ ಗಡುವಿಗೆ ಒಂದೆರಡು ತಿಂಗಳಿರುವಾಗಲೇ ಕಾರನ್ನು ಆಮೂಲಾಗ್ರವಾಗಿ ಪರೀಕ್ಷಿಸಿಕೊಳ್ಳುವುದು ವಿವೇಕ. ಕೊನೆಯ ದಿನ ಓಡುವವನಿಗೆ, ದೋಷವನ್ನು ಹುಡುಕಲಾಗಲಿ ಮತ್ತೊಮ್ಮೆ ನೋಡಲಾಗಲಿ ಬಿಡುವೇ ಉಳಿಯುವುದಿಲ್ಲ.

ಓಡುತ್ತಿರುವ ಕಾರನ್ನು ಪರೀಕ್ಷಿಸುವುದೇಕೆಂದು ಕೆಲವರು ಕೇಳಬಹುದು. ಯಂತ್ರದ ರೋಗಗಳು ಬಹುಮಟ್ಟಿಗೆ ಮೌನವಾಗಿ ಬೆಳೆಯುತ್ತವೆ. ಕಾರನ್ನು ಮೇಲಕ್ಕೆತ್ತಿ ಅಡಿಯಿಂದ ನೋಡಿದಾಗ ಮಾತ್ರ ಎಂಜಿನ್ನಿನ ಸಂದಿಗಳಲ್ಲಿ ಬೆವರಿನಂತೆ ಜಿನುಗುವ ಎಣ್ಣೆ ಕಣ್ಣಿಗೆ ಬೀಳುತ್ತದೆ. ಗಾಲಿಗೆ ಶಕ್ತಿಯನ್ನೊಯ್ಯುವ ದಂಡದ ತುದಿಯಲ್ಲಿ ರಬ್ಬರಿನ ಕವಚವೊಂದಿರುತ್ತದೆ. ಅದು ಸೀಳಿದರೆ ಒಳಗಿನ ಗ್ರೀಸು ಹೊರಚೆಲ್ಲಿ, ಧೂಳೂ ನೀರೂ ಒಳಹೊಕ್ಕು, ಕೀಲು ಸವೆಯತೊಡಗುತ್ತದೆ. ಚಾಲಕನಿಗೆ ಅದರ ಸುಳಿವು ಸಿಗುವುದು ತಿರುವಿನಲ್ಲಿ ಕಟಕಟ ಸದ್ದು ಹುಟ್ಟಿದ ಮೇಲೆಯೇ. ಆಘಾತಗಳನ್ನು ನುಂಗುವ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಹರಿದ ಗೆರೆಯಿದ್ದರೆ ಅದನ್ನೂ ಗುರುತಿಸಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡಿದ ಕಾರಿನ ತಳದಲ್ಲಿ ತುಕ್ಕನ್ನು ಹುಡುಕಬೇಕು. ಮಲೆನಾಡಿನ ಮಳೆ ಕಂಡ ಕಾರಾದರೆ ನೆಲಹಾಸನ್ನೆತ್ತಿ ತೇವವನ್ನು ನೋಡಬೇಕು. ಇಷ್ಟಲ್ಲದೆ, ಇಂದಿನ ಕಾರುಗಳ ಗಣಕವು ತಾನು ಕಂಡ ದೋಷಗಳನ್ನು ಸಂಕೇತಗಳಾಗಿ ನೆನಪಿಟ್ಟಿರುತ್ತದೆ. ಸ್ಕ್ಯಾನರ್ ಜೋಡಿಸಿದರೆ ಅವನ್ನು ಓದಬಹುದು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಮುಂಜಾನೆ ಚಾಲೂ ಮಾಡಿ ಆಲಿಸುವುದೂ ಒಳ್ಳೆಯ ಪರೀಕ್ಷೆಯೇ. ಬಿಸಿಯಾದ ಮೇಲೆ ಅಡಗುವ ಎಷ್ಟೋ ಸದ್ದುಗಳು ಆಗ ಕೇಳಿಸುತ್ತವೆ.

ನುರಿತ ಮೆಕ್ಯಾನಿಕ್ ಯಾರೇ ಆದರೂ ಈ ಪರೀಕ್ಷೆ ನಡೆಸಬಹುದು. ಬಿಚ್ಚಿ ಸರಿಪಡಿಸುವ ಕೆಲಸ ಮಾತ್ರ ತಯಾರಕರ ಅಧಿಕೃತ ಸೇವಾಕೇಂದ್ರದಲ್ಲಿಯೇ ನಡೆಯಬೇಕು. ಹೊರಗೆ ಬಿಚ್ಚಿಸಿದರೆ ಖಾತರಿಯನ್ನು ನಿರಾಕರಿಸಲು ಅದೊಂದು ನೆವವಾದೀತು. ಬ್ರೇಕಿನ ಪ್ಯಾಡು, ವೈಪರಿನ ರಬ್ಬರು ಮುಂತಾಗಿ ಬಳಕೆಯಿಂದ ಸವೆಯುವ ವಸ್ತುಗಳು ಸಾಮಾನ್ಯವಾಗಿ ಖಾತರಿಗೆ ಒಳಪಡುವುದಿಲ್ಲ. ನಿಗದಿತ ಸರ್ವಿಸುಗಳನ್ನು ತಪ್ಪಿಸಿದವನ ಬೇಡಿಕೆಯೂ ದುರ್ಬಲವಾಗುತ್ತದೆ.

ಸೇವಾಕೇಂದ್ರದಲ್ಲಿ ದೂರನ್ನು ಬಾಯಿಮಾತಿನಲ್ಲಿ ಹೇಳಿ ಬಂದವರು ಬಳಿಕ ಪರಿತಪಿಸುವುದುಂಟು. ‘ಅದೇನೂ ಇಲ್ಲ, ಓಡಿಸುತ್ತಿರಿ, ಸರಿಹೋಗುತ್ತದೆ’ ಎಂಬ ಸಮಾಧಾನದ ನುಡಿಗೆ ಗಡುವು ಮುಗಿದ ಮರುದಿನ ಬೆಲೆಯಿಲ್ಲ. ಪ್ರತಿಯೊಂದು ದೋಷವನ್ನೂ ಜಾಬ್ ಕಾರ್ಡಿನಲ್ಲಿ ಬರೆಯಿಸಿ, ದಿನಾಂಕವನ್ನೂ ಓಡಿದ ದೂರವನ್ನೂ ನಮೂದಿಸಿ, ಪ್ರತಿಯನ್ನು ಪಡೆಯಬೇಕು. ಸರಿಪಡಿಸಿದ ದೋಷವೇ ಗಡುವಿನ ತರುವಾಯ ಮರುಕಳಿಸಿದರೆ, ಅದು ಮೊದಲೇ ಇತ್ತೆಂದು ಸಾರುವ ಸಾಕ್ಷಿ ಆ ಕಾಗದ.

ಸೇವಾಕೇಂದ್ರ ಕಿವಿಗೊಡದಿದ್ದರೆ ಕಾನೂನಿನ ಆಶ್ರಯವುಂಟು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ 2019ರ ಹೊಸ ಕಾಯ್ದೆಯು 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. ಇದರಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ಕೊಂಡ ರಸೀದಿ, ಖಾತರಿಯ ಪುಸ್ತಕ, ಜಾಬ್ ಕಾರ್ಡುಗಳ ಪ್ರತಿಗಳು ಇವಿಷ್ಟನ್ನು ದೂರಿನೊಡನೆ ಲಗತ್ತಿಸಬೇಕಾಗುತ್ತದೆ.