ತೊಗಲಿನ ಎಳೆ, ಗಂಟಿನ ಗಣಿತ

ಸ್ಪೇನಿನ ಕ್ರೈಸ್ತ ಮಿಷನ್‌ಗಳು 1769ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದೊಂದಾಗಿ ತಲೆಯೆತ್ತಿದಾಗ ಅವುಗಳೊಂದಿಗೆ ದನಗಳ ಹಿಂಡುಗಳೂ ಬಂದವು. ಆ ಹಿಂಡುಗಳನ್ನು ಕುದುರೆಯ ಮೇಲೆ ಕುಳಿತು ಕಾಯುತ್ತಿದ್ದ 'ವಕೇರೊ'ಗಳು, ಅಂದರೆ ಸವಾರ ಗೋಪಾಲಕರು, ಕಣ್ಣೆದುರಿಗೆ ಹೇರಳವಾಗಿದ್ದ ತೊಗಲಿನಿಂದಲೇ ತಮ್ಮ ಸಲಕರಣೆಗಳನ್ನು ಹೆಣೆದುಕೊಂಡರು. ದನವನ್ನು ಹಿಡಿಯಲು ಬೀಸುವ 'ರಿಯಾಟ' ಎಂಬ ಹಗ್ಗ, ಎಳೆಗುದುರೆಯನ್ನು ಪಳಗಿಸುವಾಗ ಮೂಗಿನ ಮೇಲೆ ಕೂರುವ 'ಬೊಸಾಲ್' ಎಂಬ ಬಳೆ, 'ರೊಮಾಲ್' ಎಂಬ ಚಾವಟಿಯಲ್ಲಿ ಕೊನೆಗೊಳ್ಳುವ ಲಗಾಮಿನ ಜೋಡಿ, ಇವೆಲ್ಲವೂ ಹದ ಮಾಡದ ಹಸಿತೊಗಲಿನ ಎಳೆಗಳಿಂದ ಆದವು. ತೊಗಲಿನ ಹಗ್ಗಕ್ಕೆ ಮಿಣಿ ಎಂಬ ಹೆಸರನ್ನೇ ಇಟ್ಟುಕೊಂಡಿರುವ ಕನ್ನಡನಾಡಿನ ಬೇಸಾಯಗಾರರಿಗೆ ಇದು ತೀರ ಅಪರಿಚಿತವಾದ ವಿದ್ಯೆಯೇನೂ ಅಲ್ಲ.

ಈ ಹೆಣಿಗೆಯನ್ನು ಕಂಡವರ ಕಣ್ಣು ಮೊದಲು ಹೋಗುವುದು ಅದರ ಮೇಲಿನ ಅಲಂಕಾರದ ಗಂಟುಗಳ ಕಡೆಗೆ; ಆದರೆ ಹೆಣೆಯುವವರ ಶ್ರಮದ ಬಹುಭಾಗ ವ್ಯಯವಾಗುವುದು ಎಳೆಯನ್ನು ಸಿದ್ಧಗೊಳಿಸುವುದರಲ್ಲಿ, ಮತ್ತು ಕೆಲಸದ ಗುಣ ತೀರ್ಮಾನವಾಗುವುದೂ ಅಲ್ಲಿಯೇ. ತೊಗಲಿನ ಒಳಬದಿಯ ಮಾಂಸವನ್ನೂ ಹೊರಬದಿಯ ಕೂದಲನ್ನೂ ಹೆರೆದು ತೆಗೆದು, ಅದನ್ನು ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಿದ ಮೇಲೆ, ದುಂಡನೆಯ ಬಿಲ್ಲೆಗಳಾಗಿ ಕತ್ತರಿಸಿಕೊಳ್ಳಲಾಗುತ್ತದೆ. ಬಿಲ್ಲೆಯ ಅಂಚಿನಿಂದ ಸುರುಳಿಸುರುಳಿಯಾಗಿ ಒಳಕ್ಕೆ ಕೊಯ್ಯುತ್ತಾ ಹೋದರೆ, ಒಂದಿಷ್ಟಗಲದ ತೊಗಲಿನಿಂದಲೂ ಎಲ್ಲಿಯೂ ಜೋಡಣೆಯಿಲ್ಲದ ಉದ್ದನೆಯ ಎಳೆ ದೊರೆಯುತ್ತದೆ. ಬೆನ್ನಿನ ಭಾಗದ ತೊಗಲು ಗಟ್ಟಿ, ಹೊಟ್ಟೆಯ ಭಾಗದ್ದು ಸಡಿಲ. ಆದ್ದರಿಂದ ಕೊಯ್ದ ಎಳೆಯನ್ನು ಹಿಗ್ಗಿಸಿ, ಉದ್ದಕ್ಕೂ ಒಂದೇ ದಪ್ಪಕ್ಕೆ ಸೀಳಿ, ಒಂದೇ ಅಗಲಕ್ಕೆ ಸವರಿ, ಅಂಚುಗಳನ್ನು ಓರೆಯಾಗಿ ಹೆರೆಯಬೇಕಾಗುತ್ತದೆ. ಅಂಚು ಹೆರೆಯದ ಎಳೆಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಏರಿ ಕುಳಿತು, ಬಳಸುವಾಗ ಬೇಗನೆ ಸವೆಯುತ್ತವೆ. ಹಸಿತೊಗಲು ಒಣಗಿದಾಗ ಮರದಂತೆ ಬಿರುಸು, ನೆನೆದಾಗ ತೀರ ಮೆತು. ಹೆಣೆಯಲು ತಕ್ಕದ್ದು ಇವೆರಡರ ನಡುವಿನ ಹದ. ನೀರು ಹೆಚ್ಚಾದ ಎಳೆ ಹೆಣೆದ ಬಳಿಕ ಒಣಗುತ್ತಾ ಕುಗ್ಗಿ ಹೆಣಿಗೆಯಲ್ಲಿ ಸಂದುಗಳನ್ನು ಬಿಡುತ್ತದೆ, ಕಡಿಮೆಯಾದದ್ದು ಬಾಗದೆ ಬಿರುಕು ಬಿಡುತ್ತದೆ. ಈ ಹದವನ್ನು ಅಳೆಯಲು ಬೆರಳುಗಳಿಗಿಂತ ನಂಬಿಕೆಯ ಸಾಧನವಿಲ್ಲ.

ಹೆಣೆಯುವ ಕ್ರಮ, ಅದಕ್ಕೆ ಹೋಲಿಸಿದರೆ, ಬೇಗನೆ ಮನಸ್ಸಿಗೆ ಹತ್ತುತ್ತದೆ. ಕಲಿಯುವವರು ಸಾಮಾನ್ಯವಾಗಿ ನಾಲ್ಕೆಳೆಯ ದುಂಡು ಹೆಣಿಗೆಯಿಂದ ತೊಡಗುತ್ತಾರೆ: ಬಲತುದಿಯ ಎಳೆಯನ್ನು ಹಿಂಬದಿಯಿಂದ ಎರಡು ಎಳೆಗಳನ್ನು ದಾಟಿಸಿ ಮುಂದಕ್ಕೆ ತಂದು, ಒಂದರ ಮೇಲೆ ಹಾಯಿಸಿ ತನ್ನ ಬದಿಗೇ ಮರಳಿಸುವುದು, ಆಮೇಲೆ ಎಡತುದಿಯ ಎಳೆಗೂ ಅದೇ ನಡೆ. ಹೆಣಿಗೆ ಉದ್ದವನ್ನು ನುಂಗುವುದರಿಂದ ಎಳೆಗಳು ಮುಗಿದ ವಸ್ತುವಿಗಿಂತ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಹೆಚ್ಚು ಉದ್ದವಿರಬೇಕು. ರಿಯಾಟಗಳನ್ನು ನಾಲ್ಕು, ಆರು ಅಥವಾ ಎಂಟು ಎಳೆಗಳಲ್ಲಿ ಹೆಣೆಯುವುದುಂಟು. 60 ಅಡಿಯ ಹಗ್ಗವೂ ಅಪರೂಪವಲ್ಲ. ಇಷ್ಟುದ್ದಕ್ಕೂ ಕೈಯ ಬಿಗಿ ಒಂದೇ ಸಮನಾಗಿರಬೇಕು, ಏಕೆಂದರೆ ಒಂದು ಎಳೆ ಸಡಿಲವಾದರೂ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬಿದ್ದು ಹಗ್ಗ ಅಲ್ಲಿಯೇ ತುಂಡಾಗುತ್ತದೆ. ಹಠಾತ್ ಜಗ್ಗಾಟವನ್ನು ತೊಗಲಿನ ಹಗ್ಗ ತಾಳಲಾರದು ಎಂಬ ಕಾರಣಕ್ಕೇ ವಕೇರೊಗಳು ಅದರ ತುದಿಯನ್ನು ಜೀನಿನ ಮುಂಗೊಂಬಿಗೆ ಗಂಟುಹಾಕದೆ, ಬರಿದೆ ಸುತ್ತು ಹಾಕಿ, ಸ್ವಲ್ಪಸ್ವಲ್ಪವೇ ಜಾರಗೊಡುತ್ತಾ ದನವನ್ನು ನಿಲ್ಲಿಸುವ ಪದ್ಧತಿಯನ್ನು ರೂಢಿಸಿಕೊಂಡರು.

ಇನ್ನು ಗಂಟುಗಳು. ಅವು ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ: ಹೆಣಿಗೆಯ ತುದಿ ಬಿಚ್ಚದಂತೆ ತಡೆಯಲು, ಬೊಸಾಲಿನ ಮೇಲೆ ತಲೆಪಟ್ಟಿ ಜಾರದಂತೆ ಹಿಡಿಯಲು, ಲಗಾಮಿಗೆ ತಕ್ಕ ತೂಕ ಕೊಟ್ಟು ಸವಾರನ ಕೈಯ ಸೂಕ್ಷ್ಮ ಸನ್ನೆಯನ್ನು ಕುದುರೆಯ ಬಾಯಿಗೆ ಮುಟ್ಟಿಸಲು. ಇವುಗಳಲ್ಲಿ ಮೂಲವಾದದ್ದು 'ಟರ್ಕ್ಸ್ ಹೆಡ್', ಅಂದರೆ ಒಂದೇ ಎಳೆಯು ಕೋಲಿನ ಸುತ್ತ ಪೇಟದಂತೆ ಸುತ್ತಿ, ಮೇಲೆ ಕೆಳಗೆ ನುಸುಳಿ, ಹೊರಟಲ್ಲಿಗೇ ಮರಳಿ ಸೇರುವ ಗಂಟು. ಅಗಲದಲ್ಲಿ ಎಷ್ಟು ಎಳೆಗಳು ಕಾಣುತ್ತವೆ, ಅಂಚಿನಲ್ಲಿ ಎಷ್ಟು ತಿರುವುಗಳಿವೆ ಎಂಬ ಎರಡು ಸಂಖ್ಯೆಗಳು ಅದರ ರೂಪವನ್ನು ನಿರ್ಧರಿಸುತ್ತವೆ, ಮತ್ತು ಆ ಎರಡಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರಕೂಡದು. 3 ಎಳೆ 5 ತಿರುವಿನ ಗಂಟು ಒಂದೇ ಎಳೆಯಲ್ಲಿ ಮುಗಿಯುತ್ತದೆ. 3 ಎಳೆ 6 ತಿರುವಿನದನ್ನು ಎಷ್ಟೇ ಜಾಣ್ಮೆಯಿಂದ ಯತ್ನಿಸಿದರೂ ಎಳೆ ಅರ್ಧದಲ್ಲೇ ತನ್ನ ಆರಂಭವನ್ನು ಮುಟ್ಟಿಬಿಡುತ್ತದೆ, ಆ ರೂಪಕ್ಕೆ ಮೂರು ಬೇರೆಬೇರೆ ಎಳೆಗಳೇ ಬೇಕು. ಆಯತಾಕಾರದಲ್ಲಿ ಚುಕ್ಕಿಯಿಟ್ಟು ಸುತ್ತಲೂ ಬಳಸಿ ಎಳೆಯುವ ರಂಗೋಲಿಯಲ್ಲಿಯೂ, ಸಾಲು ಮತ್ತು ಕಂಬಸಾಲುಗಳ ಸಂಖ್ಯೆಗಳಿಗೆ ಸಾಮಾನ್ಯ ಭಾಜಕವಿಲ್ಲದಾಗ ಮಾತ್ರ ಒಂದೇ ಗೆರೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಬರುತ್ತದೆ. ಎರಡೂ ಕಡೆ ಕೆಲಸ ಮಾಡುತ್ತಿರುವ ನಿಯಮ ಒಂದೇ. ಮೂಲಗಂಟಿನ ಸಂದುಗಳಲ್ಲಿ ಬೇರೆ ಬಣ್ಣದ ಎರಡನೆಯ ಎಳೆಯನ್ನು ನುಸುಳಿಸಿದರೆ 'ಪೈನಾಪಲ್' ಗಂಟು ಸಿದ್ಧವಾಗುತ್ತದೆ.

ತಲೆಮಾರುಗಳವರೆಗೆ ಕೈಯಿಂದ ಕೈಗೆ ಸಾಗಿದ ಈ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಪುಸ್ತಕಕ್ಕೂ ಬಂದಿತು. ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಸುಮಾರು 3,900 ಗಂಟುಗಳ ವಿವರಣೆಯಿದ್ದು, ಮೇಲಿನ ಭಾಜಕದ ನಿಯಮವೂ ಅಲ್ಲಿದೆ. ಪತ್ರಕರ್ತ ಬ್ರೂಸ್ ಗ್ರಾಂಟ್ ಅವರು 1972ರಲ್ಲಿ ಹೊರತಂದ ತೊಗಲ ಹೆಣಿಗೆಯ ವಿಶ್ವಕೋಶವಂತೂ ಇಂದಿಗೂ ಕಲಿಯುವವರ ಕೈಪಿಡಿಯಾಗಿದೆ. ಕ್ಯಾಲಿಫೋರ್ನಿಯಾದ ಪರಂಪರೆಯಲ್ಲಿ ಬೆಳೆದ ಲೂಯಿಸ್ ಒರ್ಟೇಗಾ ಅವರಿಗೆ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಪಾರಂಪರಿಕ ಕಲಾಗೌರವ ಸಂದದ್ದು, ಕುದುರೆಲಾಯದ ಕಸುಬು ಎನಿಸಿಕೊಂಡಿದ್ದುದಕ್ಕೆ ಕಲೆಯ ಸ್ಥಾನ ದೊರೆತ ನ್ಯಾಯವಾದ ಘಟನೆ. 1998ರಲ್ಲಿ ಸ್ಥಾಪನೆಯಾದ ಸಾಂಪ್ರದಾಯಿಕ ಕೌಬಾಯ್ ಕಲೆಗಳ ಸಂಘವು ಜೀನು ತಯಾರಿಕೆ, ಕಡಿವಾಣ ಮತ್ತು ಸ್ಪರ್ ತಯಾರಿಕೆ, ಬೆಳ್ಳಿ ಕೆಲಸಗಳೊಂದಿಗೆ ಹಸಿತೊಗಲ ಹೆಣಿಗೆಗೂ ಸಮಾನ ಸ್ಥಾನ ನೀಡಿದೆ.

ಹೊಸಬರಿಗೆ ಹಸಿತೊಗಲು ಕಠಿಣ. ಆಸ್ಟ್ರೇಲಿಯಾದ ಚಾವಟಿಗಾರರು ನೆಚ್ಚಿಕೊಂಡಿರುವ ಕಾಂಗರೂ ತೊಗಲು, ಅದರ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಹರಡಿರುವುದರಿಂದ, ತೆಳುವಾಗಿ ಕೊಯ್ದರೂ ಹರಿಯುವುದಿಲ್ಲವಾದರೂ ಬೆಲೆ ಹೆಚ್ಚು. ಆದ್ದರಿಂದ ಮೊದಲು ಹುರಿ ಅಥವಾ ಅಗ್ಗದ ಚರ್ಮದ ಲೇಸಿನಲ್ಲಿ, ಒಂದು ದುಂಡು ಕೋಲಿನ ಮೇಲೆ, ಮೊಂಡು ತುದಿಯ ದಬ್ಬಳ ಹಿಡಿದು 3 ಎಳೆ 5 ತಿರುವಿನ ಗಂಟನ್ನು ಪುನಃಪುನಃ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಂಡು, ಚಿತ್ರ ನೋಡದೆ ಎಳೆಯ ದಾರಿ ತಿಳಿಯತೊಡಗಿದ ಮೇಲೆಯೇ ತೊಗಲಿಗೆ ಕೈಹಾಕುವುದು ಕ್ರಮ.