ಎಂ.ಬಿ.ಎ. ಮತ್ತು ಎಂ.ಪಿ.ಎಚ್. ಒಟ್ಟಿಗೆ: ಅರ್ಜಿ ಹಾಕುವ ಮುನ್ನ ತಿಳಿಯಬೇಕಾದದ್ದು



ಈ ಸಲದ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಹೊಸ ಬಗೆಯ ಕೋರಿಕೆಯೊಂದು ಬಂದಿದೆ. ಬಿ.ಎಸ್ಸಿ. ನರ್ಸಿಂಗ್, ಬಿ.ಡಿ.ಎಸ್., ಬಿ.ಯು.ಎಂ.ಎಸ್. ಮುಗಿಸಿದ ಮಕ್ಕಳು ಎಂ.ಬಿ.ಎ. ಮತ್ತು ಎಂ.ಪಿ.ಎಚ್. ಎರಡನ್ನೂ ಸೇರಿಸಿ ಓದಲು ನೆರವು ಕೇಳಿದ್ದಾರೆ. ಪಿ.ಯು.ಸಿ., ಡಿಪ್ಲೊಮಾ ಅರ್ಜಿಗಳನ್ನೇ ನೋಡಿ ಅಭ್ಯಾಸವಾದ ದಾನಿಗಳು ‘ಇದೇನು ಓದು, ಇದಕ್ಕೆ ನಮ್ಮ ದುಡ್ಡು ಏಕೆ’ ಎಂದು ಕೇಳುತ್ತಿದ್ದಾರೆ. ಕೇಳಬೇಕಾದ ಮಾತೇ. ಅರ್ಜಿ ಹಾಕಿದ ಕೆಲವು ಮನೆಯವರಿಗೂ ಇದರ ವಿವರ ಪೂರ್ತಿ ತಿಳಿದಿಲ್ಲ.

ಎಂ.ಪಿ.ಎಚ್. ಎಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಒಂದು ಊರಿಗೆ, ಒಂದು ತಾಲ್ಲೂಕಿಗೆ ಕಾಯಿಲೆ ಏಕೆ ಬರುತ್ತದೆ, ಯಾರಿಗೆ ಹೆಚ್ಚು ಬರುತ್ತದೆ, ತಡೆಯುವ ದಾರಿ ಯಾವುದು ಎಂದು ಲೆಕ್ಕ ಹಿಡಿದು ನೋಡುವ ವಿದ್ಯೆ ಅದು. ಈ ಪದವಿ ಪಡೆದ ಮಾತ್ರಕ್ಕೆ ಯಾರೂ ಡಾಕ್ಟರ್ ಆಗುವುದಿಲ್ಲ, ಔಷಧಿ ಚೀಟಿ ಬರೆಯುವ ಹಕ್ಕು ಬರುವುದಿಲ್ಲ. ಕೆಲವು ಮನೆಗಳಲ್ಲಿ ಹಾಗೆ ತಿಳಿದಿರುವುದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇವೆ. ಎಂ.ಬಿ.ಎ. ಎಲ್ಲರಿಗೂ ಗೊತ್ತಿರುವುದೇ: ಹಣಕಾಸು, ಸಿಬ್ಬಂದಿ, ಖರೀದಿ, ಆಡಳಿತ.

ಈ ಎರಡೂ ಒಂದೇ ತಲೆಯಲ್ಲಿ ಇರಬೇಕಾದ ಕೆಲಸ ಯಾವುದು? ನಮ್ಮ ಕಡೆಯವರಿಗೆ ಯಶಸ್ವಿನಿಗಿಂತ ಹತ್ತಿರದ ಉದಾಹರಣೆ ಸಿಗದು. ಡೇರಿಗೆ ಹಾಲು ಹಾಕುವ ಎಷ್ಟೋ ಮನೆಗಳಿಗೆ ಆ ಕಾರ್ಡು ಗೊತ್ತು. ನಮ್ಮ ಮಂಡ್ಯ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಆಲೋಚನೆಯಂತೆ, 2003ರ ಜೂನ್‌ನಲ್ಲಿ ಅದು ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಆದರೆ ಸದಸ್ಯರು ಕಟ್ಟಿದ್ದು ಮಾತ್ರ ಸಾಲಲಿಲ್ಲ, ಸರ್ಕಾರವೂ ಕೈಯಿಂದ ಹಾಕಬೇಕಾಯಿತು. ಮೂರನೆಯ ವರ್ಷ ವಂತಿಗೆ 120 ರೂಪಾಯಿ ಆದಾಗ ಸದಸ್ಯರ ಸಂಖ್ಯೆ ಇಳಿಯಿತು. 2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದೊಳಗೆ ಸೇರಿ, 2022ರಲ್ಲಿ ಮತ್ತೆ ಬೇರೆಯಾಗಿ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ.

ಇದೇ ಕಥೆಯನ್ನು ಇಬ್ಬರು ಎರಡು ರೀತಿ ಓದುತ್ತಾರೆ. ಎಂ.ಬಿ.ಎ. ಓದಿದವರು 60 ರೂಪಾಯಿಗೆ ಆಸ್ಪತ್ರೆಯ ಬಿಲ್ಲು ತೀರುತ್ತದೆಯೇ, ವಂತಿಗೆ ಏರಿಸಿದರೆ ಎಷ್ಟು ಜನ ಬಿಟ್ಟು ಹೋಗುತ್ತಾರೆ ಎಂದು ಕೇಳುತ್ತಾರೆ. ಎಂ.ಪಿ.ಎಚ್. ಓದಿದವರು ಬಿಟ್ಟು ಹೋದವರು ಯಾರು ಎಂದು ಕೇಳುತ್ತಾರೆ. ಹಸುವೂ ಇಲ್ಲದ, ಸಂಘದ ಸದಸ್ಯತ್ವವೂ ಇಲ್ಲದ ಕೂಲಿಯವರ ಗತಿ ಏನು? ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಇದ್ದದ್ದು, ತಿಂಗಳು ತಿಂಗಳು ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಕೊಳ್ಳುವವರಿಗೆ ಏನು? ಎರಡೂ ಪ್ರಶ್ನೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಉತ್ತರ ಹುಡುಕಬಲ್ಲವರು ಬೇಕು. ಅಂಥವರು ನಮ್ಮ ಊರುಗಳಿಂದಲೂ ಬರಲಿ ಎಂಬುದಷ್ಟೇ ಈ ಅರ್ಜಿಗಳನ್ನು ನಾವು ತಳ್ಳಿಹಾಕದಿರುವುದಕ್ಕೆ ಕಾರಣ.

ಇನ್ನು ಓದುವುದು ಎಲ್ಲಿ? ನಿಜವಾದ ಜಂಟಿ ಪದವಿ ಇರುವುದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್, ಬರ್ಕ್ಲಿಯಂಥ ವಿಶ್ವವಿದ್ಯಾಲಯಗಳಲ್ಲಿ. ಕೆಲವು ವಿಷಯಗಳನ್ನು ಎರಡೂ ಪದವಿಗೆ ಲೆಕ್ಕ ಹಿಡಿಯುವುದರಿಂದ ಎರಡು, ಎರಡೂವರೆ ವರ್ಷದಲ್ಲಿ ಮುಗಿಯುತ್ತದೆ. ಸಮಯ ಉಳಿಯುವುದು ಆ ಲೆಕ್ಕದಿಂದಲೇ. ಅದರ ಖರ್ಚು ನಮ್ಮ ಟ್ರಸ್ಟಿನ ಕೈಗೆ ಎಟುಕುವುದಿಲ್ಲ. ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆಯೂ 2022-23ರಿಂದ ನಿಂತಿದೆ. ಹಳೆಯ ಕರಪತ್ರ ನೋಡಿ ಅದನ್ನು ನಂಬಿಕೊಳ್ಳಬೇಡಿ.

ನಮ್ಮ ಸುತ್ತಮುತ್ತ ಎರಡನ್ನೂ ಬೇರೆ ಬೇರೆಯಾಗಿಯೇ ಓದಬೇಕು. ಎಂ.ಪಿ.ಎಚ್.ಗೆ ಮೈಸೂರಿನ ಜೆ.ಎಸ್.ಎಸ್., ಮಣಿಪಾಲದ ಪ್ರಸನ್ನ ಸಾರ್ವಜನಿಕ ಆರೋಗ್ಯ ಶಾಲೆ ಇವೆ. ಹೊರಗೆ ಹೋಗುವವರಿಗೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇವೆ. ಎಂ.ಬಿ.ಎ. ಸೀಟಿಗೆ ಪಿ.ಜಿ.ಸಿ.ಇ.ಟಿ. ಬರೆಯಬಹುದು. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯು.ಜಿ.ಸಿ. 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಎರಡೂ ಕಾಲೇಜಿಗೆ ಹೋಗಿ ಓದುವುದಾದರೆ ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು. ಎಂ.ಪಿ.ಎಚ್.ನಲ್ಲಿ ಹಳ್ಳಿಗಳಿಗೆ ಹೋಗುವ ಕ್ಷೇತ್ರಕಾರ್ಯ ಇರುವುದರಿಂದ ಇದು ಹೊಂದುವುದು ಕಷ್ಟ. ನಡೆಯುವ ದಾರಿ ಎಂದರೆ ಎಂ.ಪಿ.ಎಚ್. ಕಾಲೇಜಿನಲ್ಲಿ, ಎಂ.ಬಿ.ಎ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋ ಮೂಲಕ. (ಹೆಣ್ಣುಮಕ್ಕಳ ಮನೆಯವರು ಕ್ಷೇತ್ರಕಾರ್ಯದ ಓಡಾಟದ ಬಗ್ಗೆ ಸೇರುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ನಡುವೆ ಬಿಡಿಸಿದರೆ ಫೀಸೂ ಹೋಗುತ್ತದೆ, ವರ್ಷವೂ ಹೋಗುತ್ತದೆ.)

ಆಸ್ಪತ್ರೆ ಆಡಳಿತದ ಎಂ.ಬಿ.ಎ.ಯನ್ನೇ ‘ಎರಡೂ ಸೇರಿದ ಕೋರ್ಸು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಳ್ಳೆಯ ಓದೇ, ಕೆಲಸವೂ ಸಿಗುತ್ತದೆ, ಆದರೆ ಅದು ಆಸ್ಪತ್ರೆಯ ಗೋಡೆಯೊಳಗಿನ ವಿದ್ಯೆ. ಆಸ್ಪತ್ರೆಯಲ್ಲಿ ಮ್ಯಾನೇಜರ್ ಆಗಬೇಕೆಂಬ ಆಸೆ ಇದ್ದರೆ ಅದೊಂದೇ ಸಾಕು, ಎಂ.ಪಿ.ಎಚ್. ಬೇಕಿಲ್ಲ. ಕೆಲಸದ ವಿಷಯವನ್ನೂ ಮುಚ್ಚಿಡುವುದಿಲ್ಲ: ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಈ ಓದಿಗೆ ಹೊಂದುವ ಜಿಲ್ಲಾ ಮಟ್ಟದ ಹುದ್ದೆಗಳು ಗುತ್ತಿಗೆಯವು, ಕಾಯಂ ಅಲ್ಲ.

ಇವನ್ನೆಲ್ಲ ನೋಡಿ ನಮ್ಮ ಸಮಿತಿ ಹೀಗೆ ತೀರ್ಮಾನಿಸಿದೆ. ಎರಡೂ ಪದವಿಗೆ ಒಟ್ಟಿಗೆ ನೆರವು ಕೊಡುವುದಿಲ್ಲ. ಒಂದಕ್ಕೆ ಕೊಡುತ್ತೇವೆ. ಅದು ಮುಗಿಸಿ ಒಂದು ವರ್ಷ ಕೆಲಸ ಮಾಡಿ ಬಂದವರ ಎರಡನೆಯ ಅರ್ಜಿ ನೋಡುತ್ತೇವೆ. ಮಂಡ್ಯದ ಮಿಮ್ಸ್‌ನಲ್ಲೋ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲೋ ಯಾವುದಾದರೂ ಆರೋಗ್ಯ ಕೇಂದ್ರದಲ್ಲೋ ಒಂದು ವರ್ಷ ಕಳೆದವರಿಗೆ ಎರಡನೆಯ ಪದವಿ ಬೇಕೋ ಬೇಡವೋ ತಾನಾಗಿಯೇ ತಿಳಿಯುತ್ತದೆ. ಪಿ.ಯು.ಸಿ. ಮಕ್ಕಳಿಗೆಂದು ಇಟ್ಟ ಹಣದಿಂದ ಇದಕ್ಕೆ ಒಂದು ರೂಪಾಯಿಯೂ ತೆಗೆಯುವುದಿಲ್ಲ. ಝಕಾತ್ ಖಾತೆ ಬೇರೆಯೇ ಇದೆ, ಅದರಿಂದ ಕೊಡುವುದು ಝಕಾತಿಗೆ ಅರ್ಹರಾದ ಮನೆಗಳಿಗೆ ಮಾತ್ರ. ಉಳಿದವರಿಗೆ ಸಾಮಾನ್ಯ ದೇಣಿಗೆಯಿಂದ.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಶುಲ್ಕದ ಪಟ್ಟಿ, ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ಅದರ ಪ್ರತಿ ಇರಲಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ನಿಮ್ಮ ಕೋರ್ಸಿಗೆ ಸಿಗುತ್ತದೆಯೇ, ಅದರ ಮೇಲೆ ಬೀಳುವ ಶುಲ್ಕ ಎಷ್ಟು ಎಂದು ಮಂಡ್ಯದ ಕಚೇರಿಯಲ್ಲಿ ಮೊದಲು ವಿಚಾರಿಸಿ ಬನ್ನಿ. ಇವುಗಳೊಂದಿಗೆ ಒಂದು ಪುಟ ಬರೆದು ತನ್ನಿ: ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ನೀವು ಕಂಡ ಯಾವ ಆರೋಗ್ಯದ ತೊಂದರೆಗೆ ಈ ಓದು ಬೇಕು? ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಿ ಬರೆದರೂ ಆಗುತ್ತದೆ. ಸಂತೆಬಾಚಹಳ್ಳಿಯಲ್ಲಿ ನಡೆಯುವ ಸಂದರ್ಶನದಲ್ಲಿ ನಾವು ಮೊದಲು ಓದುವುದು ಆ ಪುಟವನ್ನೇ.